ತಾಡಪತ್ರಿಯ ಕೆಳಗಿನ ಹದಿನೆಂಟು ಚೀಲ

ನನ್ನ ತಮ್ಮನನ್ನು ಎಣ್ಣೆಗಳ್ಳ ಎಂದು ಕರೆದವನು ನಾನೇ. ಬಸವಕಲ್ಯಾಣದ ನಮ್ಮ ಅಂಗಡಿಯಲ್ಲಿ, ಬೆಳಗಿನ ಹೊತ್ತು, ಗಿರಾಕಿಯ ಎದುರಿಗೆ ಕರೆದೆ. ಅವನು ಒಂದು ಹನಿ ಡೀಸೆಲ್ಲನ್ನೂ ಕದ್ದಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕರೆದೆ. ಹೇಗೆ ಗೊತ್ತಿತ್ತು ಎಂಬುದನ್ನು ಹೇಳಬೇಕಾದವರಿಗೆಲ್ಲ ಬಾಯಿಂದ ಹೇಳಿ ಆಗಿದೆ. ಯಾಕೆ ಕರೆದೆ ಎಂಬುದನ್ನು ಮಾತ್ರ ಅವನು ನನ್ನ ಬಾಯಿಂದ ಕೇಳಲು ಒಪ್ಪುತ್ತಿಲ್ಲ. ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಬರೆಯುವುದು ನಿಧಾನ. ಆದರೂ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಓದುವವನು ಅವನು, ಎಂದಾದರೂ ಓದಲಿ.

ನಮ್ಮದು ದನಗಳ ಮೇವಿನ ಅಂಗಡಿ. ಹತ್ತಿಕಾಳಿನ ಹಿಂಡಿ, ತೊಗರಿಯ ಹೊಟ್ಟು, ತೌಡು, ಕಲ್ಲುಪ್ಪು. ಅಪ್ಪ ಎಮ್ಮೆ ಕಾಯುತ್ತಿದ್ದವರು. ಮೊಣಕಾಲು ಸೋತ ಮೇಲೆ ಅಂಗಡಿ ಹಾಕಿದರು, ಕೆಲವು ವರ್ಷಕ್ಕೆ ತೀರಿಕೊಂಡರು. ಅವರು ಎಮ್ಮೆ ಕಾಯುವ ಕಾಲದಲ್ಲಿ ಜೊತೆಗೆ ಇನ್ನೊಬ್ಬರು ಬೇಕಾಗಿದ್ದರಿಂದ ದೊಡ್ಡವನಾದ ನನ್ನನ್ನು ಶಾಲೆ ಬಿಡಿಸಿದರು. ತಮ್ಮ ಓದಿದ. ಹತ್ತನೆಯದು ಪಾಸಾಗಿ, ಹುಮನಾಬಾದಿನಲ್ಲಿ ಐಟಿಐ ಸೇರಿ, ಡೀಸೆಲ್ ಎಂಜಿನ್ನಿನ ಕೆಲಸ ಕಲಿತ. ಅವನು ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ಸಿಗೆ ಓಡುವುದನ್ನು ನಾನು ಸಗಣಿಯ ಕೈಯಲ್ಲಿ ನಿಂತು ನೋಡುತ್ತಿದ್ದೆ. ನಾನು ಎಮ್ಮೆಯ ಬಾಲ ಹಿಡಿದದ್ದಕ್ಕೇ ಇವನ ಕೈಗೆ ನಟ್ಟು ಬಿಚ್ಚುವ ಪಾನಾ ಬಂತು ಎಂದು ಆಗಲೇ ಅಂದುಕೊಂಡಿದ್ದೆ. ಯಾರ ಮುಂದೆಯೂ ಅನ್ನಲಿಲ್ಲ. ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ.

ಅಂಗಡಿಗೆ ಸ್ವಂತ ವ್ಯಾನು ಬೇಕು ಎಂದು ಇಬ್ಬರೂ ಒಪ್ಪಿದ್ದೆವು. ಮಾಲು ಬರುವುದು ಹುಮನಾಬಾದಿನಿಂದ. ಅಲ್ಲಿಂದ ತಂದು, ಕಲ್ಯಾಣದಲ್ಲಿ ಅರ್ಧ ಇಳಿಸಿ, ಉಳಿದದ್ದನ್ನು ಸುತ್ತಲ ಹಳ್ಳಿಗಳಿಗೆ ಮುಟ್ಟಿಸಬೇಕು. ಒಪ್ಪದೆ ಇದ್ದದ್ದು ಎಂಜಿನ್ನಿನ ವಿಷಯದಲ್ಲಿ. ಏಳುನೂರು ಸಿಸಿಯ ಸಣ್ಣ ಗಾಡಿ ಸಾಕು, ಎಣ್ಣೆ ಕಡಿಮೆ ಕುಡಿಯುತ್ತದೆ ಎಂದು ನಾನು. ಹದಿನೈದುನೂರು ಸಿಸಿಯದೇ ಬೇಕು ಎಂದು ಅವನು. ಡೀಸೆಲ್ಲಿಗೆ ನಮ್ಮಲ್ಲಿ ಎಣ್ಣೆ ಎಂದೇ ಹೆಸರು.

"ಅಣ್ಣ, ಸಣ್ಣದು ಕಡಿಮಿ ಕುಡೀತದ ಅನ್ನೋದು ಖಾಲಿ ಗಾಡಿಗಿ ಖರೇ. ನಾವೇನು ಖಾಲಿ ಗಾಡಿ ಓಡಸ್ತೀವೇನು?" ಎಂದ.

"ದುಪ್ಪಟ್ಟು ಎಂಜಿನ್ನು ದುಪ್ಪಟ್ಟು ಕುಡೀತದ. ಇದಕ್ಕ ಐಟಿಐ ಯಾಕ ಬೇಕು? ಎಮ್ಮಿ ಕಾದಾವಗೂ ತಿಳೀತದ."

"ಹಂಗಾದ್ರ ಎಮ್ಮಿ ಕಾದಾವನ ಹೇಳ್ಲಿ. ಒಂದು ಎಳೀ ಹೋರಿಗಿ ಎರಡೆತ್ತಿನ ಬಂಡಿ ಕಟ್ಟಿದ್ರ ಏನಾಗ್ತದ? ನೊರಿ ಬಿಡ್ತದ, ಮೇವು ಹೆಚ್ಚಿಗಿ ತಿಂತದ. ಎಂಜಿನ್ನೂ ಹಂಗ. ಭಾರ ಹಾಕಿ ಏರು ಹತ್ತಿಸಿದ್ರ ಸಣ್ಣದು ಎರಡನೇ ಗೇರಿನ್ಯಾಗ ಒದರ್ಕೋತ ಹೋಗ್ತದ. ಎಣ್ಣಿ ಸುರದಂಗ."

ಅಂಗಡಿಯ ಮುಂದೆ ಕುಳಿತಿದ್ದ ಒಬ್ಬ ಗಿರಾಕಿ ಜೋರಾಗಿ ನಕ್ಕ. ಹದಿನಾರು ಎಮ್ಮೆ ಸಾಕಿರುವ, ಹತ್ತಿರದ ಹಳ್ಳಿಯ ಮುದುಕ. ಅಪ್ಪನ ಜೊತೆಗಾರ, ನಾವು ಕಾಕಾ ಎನ್ನುತ್ತೇವೆ. ದಿನಕ್ಕೆ ನಾಲ್ಕು ಊರು ತಿರುಗುವವನು. ಅವನ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ನಾಲ್ಕೂ ಊರಿಗೆ ತಲುಪುತ್ತದೆ.

"ಸಣ್ಣಾಂವ ಬರೋಬರ್ ಹೇಳಾಕತ್ತಾನ ನೋಡು," ಎಂದ ಕಾಕಾ ನನ್ನ ಕಡೆ ತಿರುಗಿ. "ಓದಿದಾಂವ ಓದಿದಾಂವನ ಬಿಡಪ್ಪ. ನೀ ಚೀಲ ಎಣಸು, ಅಂವ ಎಂಜಿನ್ ನೋಡ್ಲಿ."

ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ. ಅವತ್ತಿನಿಂದ ನನಗೆ ಎಣ್ಣೆ ಉಳಿಯುವುದು ಮುಖ್ಯವಾಗಲಿಲ್ಲ. ತಮ್ಮ ಸೋಲಬೇಕಾಗಿತ್ತು, ಅದೂ ಅವನ ಎಂಜಿನ್ನಿನ ವಿದ್ಯೆಯಲ್ಲೇ.

ದಿನಾ ಜಗಳ ಕೇಳಿ ಅವ್ವನಿಗೆ ಬೇಸರ ಬಂತು. ಅವಳು ಅಂಗಡಿಯ ಮೂಲೆಯಲ್ಲಿ ಕುಳಿತು ಹಿಂಡಿಯ ಹೆಂಟೆ ಒಡೆಯುತ್ತಿದ್ದವಳು ಸುತ್ತಿಗೆ ಕೆಳಗಿಟ್ಟು ತೀರ್ಪು ಕೊಟ್ಟಳು.

"ಬಾಯಿ ಸಾಕು. ಎರಡೂ ನಮೂನಿ ಗಾಡಿ ಒಂದಿನ ಯಾರ ಕಡಿಂದಾದ್ರೂ ತರ್ರಿ. ಅದಕ್ಕೂ ಹದಿನೆಂಟು ಚೀಲ, ಇದಕ್ಕೂ ಹದಿನೆಂಟು ಚೀಲ. ಒಬ್ಬೊಬ್ರು ಒಂದೊಂದು ಓಡಸ್ರಿ. ಯಾವುದು ಕಡಿಮಿ ಕುಡೀತದ, ಅದು ನಮ್ಮನಿಗಿ ಬರ್ಲಿ."

ನಮ್ಮ ದಂಧೆಯಲ್ಲಿ ಗಾಡಿಯ ಭಾರವನ್ನು ಯಾರೂ ಕಿಲೊದಲ್ಲಿ ಹೇಳುವುದಿಲ್ಲ. ಇಂತಿಷ್ಟು ಚೀಲ ಎನ್ನುತ್ತಾರೆ, ಅಷ್ಟೇ. ಅವ್ವನೂ ಹಾಗೇ ಅಂದಳು, ತಮ್ಮನೂ ಹಾಗೇ ತಲೆಯಾಡಿಸಿದ. ಎಂಜಿನ್ನಿನ ಪುಸ್ತಕ ಓದಿದವನು, ಆದರೂ ಹುಟ್ಟಿ ಬೆಳೆದದ್ದು ಚೀಲಗಳ ನಡುವೆ. ಹಿಂಡಿಯ ಚೀಲ ಐವತ್ತು ಕಿಲೊ. ಅದೇ ಗೋಣಿಯಲ್ಲಿ ತೊಗರಿಯ ಹೊಟ್ಟು ತುಂಬಿದರೆ ಇಪ್ಪತ್ತೂ ಆಗುವುದಿಲ್ಲ. ಅವ್ವ ಹದಿನೆಂಟು ಅಂದ ಕ್ಷಣದಲ್ಲೇ ಇದು ನನ್ನ ತಲೆಯಲ್ಲಿ ಹೊಳೆಯಿತು.

ಸಣ್ಣ ಗಾಡಿ ನನ್ನ ಹೆಂಡತಿಯ ತವರಿನವರದು, ದೊಡ್ಡದು ತಮ್ಮನ ಜೊತೆ ಓದಿದವನದು. ಇಬ್ಬರೂ ಖಾಲಿ ಗಾಡಿ ಹೊಡೆದುಕೊಂಡು ಹುಮನಾಬಾದಿಗೆ ಹೋದೆವು. "ನೀ ಮೊದಲ ಹಿಂಡಿ ಹೇರ್ಕೊಂಡು ಪಂಪಿನ್ಯಾಗ ನಿಂದರು, ನಾ ಹಿಂದ ಬರ್ತೀನಿ," ಎಂದು ಅವನನ್ನು ಹಿಂಡಿಯ ಗೋದಾಮಿಗೆ ಕಳಿಸಿದೆ. ನಾನು ನಾಲ್ಕು ಗೋದಾಮು ಆಚೆಗಿನ ದಾಲ್ ಮಿಲ್ಲಿಗೆ ಹೋಗಿ ಹದಿನೆಂಟು ಚೀಲ ಹೊಟ್ಟು ಹಾಕಿಸಿದೆ. ಚೀಲ ಹೊರುತ್ತಿದ್ದ ಹಿರಿಯ ಹಮಾಲ ಕೇಳಿದ: "ಹದಿನೆಂಟೇ ಯಾಕ್ರಿ? ಹೊಟ್ಟ ಅದ, ಇನ್ನ ಹತ್ತು ಹಾಕಿದ್ರೂ ಗಾಡಿಗಿ ಗೊತ್ತಾಗಂಗಿಲ್ಲ." ಅವನಿಗೆ ಚಹಾ ಕುಡಿಸಿ, ತಾಡಪತ್ರಿ ಮುಚ್ಚಿ, ನಾಲ್ಕೂ ಮೂಲೆ ಹಗ್ಗ ಬಿಗಿದೆ.

ಹೆದ್ದಾರಿಯ ಪಂಪಿನಲ್ಲಿ ಎರಡೂ ಗಾಡಿಯ ಟಾಕಿಗೆ ಕಂಠದವರೆಗೆ ಎಣ್ಣೆ ತುಂಬಿಸಿದೆವು. ಕಲ್ಯಾಣಕ್ಕೆ ಹೋಗಿ, ಮಾಲು ಇಳಿಸದೆ ಹಾಗೇ ಹಳ್ಳಿಗಳ ಏರು ಹತ್ತಿ ಇಳಿದು, ಮತ್ತೆ ಅದೇ ಪಂಪಿಗೆ ಬಂದು ತುಂಬಿಸುವುದು. ಎಷ್ಟು ಹಿಡಿಯಿತೋ ಅಷ್ಟು ಕುಡಿದಂತೆ. ತಮ್ಮ ಮುಂದೆ, ನಾನು ಹಿಂದೆ. ಏರಿನಲ್ಲಿ ನನ್ನ ಸಣ್ಣ ಗಾಡಿ ಅವನ ಬೆನ್ನಿಗೇ ಅಂಟಿಕೊಂಡು ಹತ್ತಿತು. ಅವನು ಕನ್ನಡಿಯಲ್ಲಿ ನನ್ನನ್ನು ಮತ್ತೆ ಮತ್ತೆ ನೋಡುತ್ತಿದ್ದ. ನನಗೆ ಖುಷಿಯಾಯಿತು. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಇದು ತಪ್ಪೊಪ್ಪಿಗೆಯಲ್ಲ. ಸುಳ್ಳು ಎಂದು ಗೊತ್ತಿದ್ದರೂ ನಾನು ನಿಜವಾಗಿಯೇ ಗೆದ್ದಂತೆ ಖುಷಿಪಟ್ಟೆ.

ಪಂಪಿನಲ್ಲಿ ತಮ್ಮ ಮೊಬೈಲಿನಲ್ಲಿ ಭಾಗಿಸಿ ನೋಡಿದ. ದೊಡ್ಡದಕ್ಕೆ ಲೀಟರಿಗೆ ಹದಿನೈದು ಕಿಲೋಮೀಟರು. ಸಣ್ಣದಕ್ಕೆ ಇಪ್ಪತ್ತೊಂದು. ಅವನು ಇನ್ನೊಮ್ಮೆ ಭಾಗಿಸಿದ.

"ಇದು ಹ್ಯಾಂಗ ಬರ್ತದ, ಅಣ್ಣ?"

"ಲೆಕ್ಕ ನೀನ ಮಾಡೀದಿ. ಈಗ ಲೆಕ್ಕಾನೂ ತಪ್ಪಂತೇನು ಇಂಜಿನಿಯರ್ ಸಾಬ್?"

ಅವನು ನನ್ನ ಗಾಡಿಯನ್ನು ಒಂದು ಸುತ್ತು ಹಾಕಿದ. ಟೈರು ನೋಡಿದ, ಬಗ್ಗಿ ಕೆಳಗೆ ನೋಡಿದ. ಬಾನೆಟ್ಟಿನ ಮೇಲೆ ಕೈಯಿಟ್ಟ. ಅಣ್ಣನ ಗಾಡಿಯ ತಾಡಪತ್ರಿ ಎತ್ತಿ ನೋಡುವ ಬುದ್ಧಿ ಮಾತ್ರ ಅವನಿಗೆ ಬರಲಿಲ್ಲ. "ನಂದ ತಪ್ಪಿರಬೇಕು," ಎಂದ. ಅವನನ್ನು ಮುಂದೆ ಕಳಿಸಿ, ಹೊಟ್ಟನ್ನು ದಾರಿಯ ಹಳ್ಳಿಯಲ್ಲೇ ಇಳಿಸಿ ಬಂದೆ. ಮನೆಗೆ ಬಂದು ಅವ್ವನ ಎದುರಿಗೂ, ಕಾಕಾನ ಎದುರಿಗೂ ಹಾಗೇ ಒಪ್ಪಿಕೊಂಡ. ನಮ್ಮ ಮನೆಗೆ ಏಳುನೂರು ಸಿಸಿಯ ಹೊಸ ಗಾಡಿ ಬಂತು.

ಓಡಿಸುವವನು ತಮ್ಮ, ಅಂಗಡಿಯಲ್ಲಿ ಕೂರುವವನು ನಾನು. ಗಾಡಿಗೆ ದಿನಾ ಹದಿನೆಂಟು ಚೀಲ ಹಿಂಡಿ. ಹೊಟ್ಟು ವಾರಕ್ಕೊಮ್ಮೆ ಮಾತ್ರ, ಅದೂ ಹಿಂಡಿಯ ಮೇಲೆ ಹೇರಿ ತರುವುದು. ಒಂದು ತಿಂಗಳಲ್ಲಿ ಗೊತ್ತಾಯಿತು, ಲೀಟರಿಗೆ ಹದಿಮೂರರ ಮೇಲೆ ಒಂದು ದಿನವೂ ಬರುತ್ತಿಲ್ಲ. ತಮ್ಮ ಫಿಲ್ಟರ್ ಬದಲಿಸಿದ, ಟೈರಿನ ಗಾಳಿ ನೋಡಿದ, ಒಂದು ಭಾನುವಾರವಿಡೀ ಗಾಡಿಯ ಕೆಳಗೆ ಮಲಗಿ ಏನೇನೋ ಬಿಚ್ಚಿ ಕಟ್ಟಿದ. ಇಲ್ಲದ ದೋಷವನ್ನು ಹುಡುಕುತ್ತಿದ್ದ. ಅವನು ಮಸಿ ಮೆತ್ತಿದ ಮುಖದಲ್ಲಿ ಹೊರಗೆ ಬಂದಾಗ ನಾನು ಕಟ್ಟೆಯ ಮೇಲೆ ಕುಳಿತು ಶೇಂಗಾ ತಿನ್ನುತ್ತಿದ್ದೆ.

"ಹದಿನೆಂಟು ಭಾಳ ಆಗ್ತದ ಅಣ್ಣ. ಹತ್ತು ಹಾಕೋಣು, ಎರಡು ಸರ್ತಿ ಹೋಗ್ತೀನಿ."

"ಅವತ್ತ ನಾ ಹದಿನೆಂಟು ಹಾಕ್ಕೊಂಡ ಓಡಿಸಿದ್ನಲ್ಲ? ಗಾಡಿ ಅಂಥಾದ್ದ, ಚೀಲಾನೂ ಅಷ್ಟ. ಕೈ ಬದಲಿ ಆಗ್ಯಾವ."

ಅದೇ ಸರಿಯಾದ ಹೊತ್ತಾಗಿತ್ತು. ತಮ್ಮಾ, ಅವತ್ತು ಹೊಟ್ಟು ಇತ್ತೋ ಎಂದು ನಕ್ಕು ಹೇಳಿದ್ದರೆ ಎರಡು ದಿನ ಬೈದು ಸುಮ್ಮನಾಗುತ್ತಿದ್ದ. ಹೇಳಲಿಲ್ಲ.

ಆಮೇಲೆ ಒಂದು ಬೆಳಗ್ಗೆ ಕಾಕಾ ಬಂದು ಕಟ್ಟೆಯ ಮೇಲೆ ಕುಳಿತ. ತಮ್ಮ ಅಂಗಡಿಯ ಗೋಡೆಯಲ್ಲಿನ ದೇವರ ಮಾಡದ ಮುಂದೆ ಊದಿನಕಡ್ಡಿ ಹಚ್ಚುತ್ತಿದ್ದ. ಅವ್ವ ಹೆಂಟೆ ಒಡೆಯುತ್ತಿದ್ದಳು.

"ಏನಪ್ಪಾ, ನಿಮ್ಮ ಗಾಡಿ ನಮ್ಮೂರ ಏರಿನ್ಯಾಗ ಎಮ್ಮಿ ಈದಂಗ ಒದರ್ತದಲ್ಲ?" ಎಂದ ಕಾಕಾ. "ಎಣ್ಣಿ ಹೆಂಗ ಕುಡೀತದ? ಸಣ್ಣಾಂವ ಹೇಳಿದಂಗ ಎಳೀ ಹೋರಿ ನೊರಿ ಬಿಡಾಕತ್ತದೇನು?"

ಮತ್ತೆ ಅದೇ ನಗು. ಹದಿಮೂರು ಎಂದು ಹೇಳಿದರೆ ನನ್ನ ಇಪ್ಪತ್ತೊಂದು ಎಲ್ಲಿಂದ ಬಂತು ಎಂದು ಕೇಳುತ್ತಾನೆ. ಒಂದೋ ನನ್ನ ಪರೀಕ್ಷೆ ಸುಳ್ಳಾಗಬೇಕು, ಇಲ್ಲವೇ ತಮ್ಮ ಕಳ್ಳನಾಗಬೇಕು. ನಾನು ಹೆಚ್ಚು ಹೊತ್ತು ಯೋಚಿಸಲಿಲ್ಲ.

"ಗಾಡಿ ಕುಡಿಯಂಗಿಲ್ಲ ಕಾಕಾ. ಗಾಡ್ಯಾಗಿಂದ ಯಾರೋ ಪೈಪ್ ಹಾಕಿ ಎಳ್ಯಾಕತ್ತಾರ."

ತಮ್ಮ ಊದಿನಕಡ್ಡಿ ಹಿಡಿದುಕೊಂಡೇ ತಿರುಗಿದ. "ಯಾರು ಎಳೀತಾರ?"

"ಕೀಲಿ ಯಾರ ಕೈಯಾಗ ಅದ?"

ಅವ್ವನ ಸುತ್ತಿಗೆ ನಿಂತಿತು. ತಮ್ಮ ಕಡ್ಡಿಯನ್ನು ಸಿಗಿಸಿ, ಮಾಡದಲ್ಲಿದ್ದ ವಿಭೂತಿ ಗಟ್ಟಿಯನ್ನು ಕೈಯಲ್ಲಿ ತೆಗೆದುಕೊಂಡ. ನಮ್ಮ ಮನೆಯಲ್ಲಿ ವಿಭೂತಿ ಮುಟ್ಟಿ ಹೇಳಿದ ಮಾತಿನ ಮೇಲೆ ಇನ್ನೊಂದು ಮಾತು ಇಲ್ಲ. ಅಪ್ಪ ಇದ್ದಾಗ ಎಷ್ಟೋ ಜಗಳ ಅಲ್ಲಿಗೇ ನಿಂತಿದ್ದವು.

"ಇದನ್ನ ಮುಟ್ಟಿ ಹೇಳ್ತೀನಿ. ಒಂದು ಹನಿ ನಾ ತಗದಿಲ್ಲ."

ಅವ್ವ ನನ್ನ ಕಡೆ ನೋಡಿದಳು, ಮುಗಿಯಿತಲ್ಲ ಎಂಬಂತೆ. ನಾನು ಅಂದೆ:

"ವಿಭೂತಿ ಮುಟ್ಟಿ ಸುಳ್ಳ ಹೇಳಾವ್ರೂ ಅದಾರ."

ತಮ್ಮ ವಿಭೂತಿಯನ್ನು ಮಾಡದಲ್ಲಿ ಇಟ್ಟ. ಜೇಬಿನಿಂದ ಕೀಲಿ ತೆಗೆದು ತಕ್ಕಡಿಯ ತಟ್ಟೆಯಲ್ಲಿ ಹಾಕಿದ. ಚಪ್ಪಲಿ ಮೆಟ್ಟಿ ಹೋದ.

ಡ್ರೈವರನಿಗೆ ಎಣ್ಣೆಗಳ್ಳ ಎಂಬ ಹೆಸರು ಬಂದರೆ ಯಾವ ಮಾಲಕನೂ ಕೀಲಿ ಕೊಡುವುದಿಲ್ಲ. ಕಲ್ಯಾಣದಲ್ಲಿ ಮೂವರ ಹತ್ತಿರ ಕೆಲಸ ಕೇಳಿದನಂತೆ. "ಮನಿ ಅಣ್ಣಗ ನಂಬಿಕಿ ಇಲ್ಲ, ನಾವು ಹ್ಯಾಂಗ ನಂಬೋಣು" ಎಂದರಂತೆ. ಹುಮನಾಬಾದಿಗೆ ಹೋದ. ಮಾತು ಅಲ್ಲಿಗೂ ಹೋಗಿತ್ತು. ಕೊನೆಗೆ ನಾನು ಹೊಟ್ಟು ಹೇರಿದ ಅದೇ ದಾಲ್ ಮಿಲ್ಲಿನಲ್ಲಿ ಹಮಾಲಿಗೆ ನಿಂತ. ಎಂಜಿನ್ನಿನ ಕೆಲಸ ಕಲಿತವನು, ಲೈಸೆನ್ಸ್ ಇದ್ದವನು, ಬೆನ್ನ ಮೇಲೆ ಚೀಲ ಹೊರತೊಡಗಿದ. ಅವ್ವ ನನಗೆ ಅಂದದ್ದು ಒಂದೇ ಮಾತು: "ಕಳ್ಳ ಹೋದನಲ್ಲ. ಇನ್ನ ನೀನ ಓಡ್ಸು, ಎಣ್ಣಿ ಉಳೀತದ."

ನಾನೇ ಓಡಿಸಿದೆ. ಹದಿನೆಂಟು ಚೀಲ ಹಿಂಡಿ ಹೇರಿಕೊಂಡು ಕಾಕಾನ ಊರಿನ ಏರಿನಲ್ಲಿ ಎರಡನೇ ಗೇರಿಗೆ ಬಂದೆ, ಆಮೇಲೆ ಒಂದನೇ ಗೇರಿಗೆ. ಎಂಜಿನ್ನು ಕಿವಿ ಹರಿಯುವಂತೆ ಕೂಗಿತು. ಗಾಡಿ ನಡೆಯುವವರಿಗಿಂತ ನಿಧಾನ ಹತ್ತಿತು. ತುದಿಗೆ ಹೋಗಿ ನಿಲ್ಲಿಸಿದಾಗ ಬಾನೆಟ್ಟಿನಿಂದ ಸುಟ್ಟ ವಾಸನೆ. ಇದನ್ನು ಅವನು ತಿಂಗಳುಗಟ್ಟಲೆ ದಿನಾ ಮಾಡಿದ್ದ, ದಿನಾ ನನ್ನ ಕೊಂಕು ಮಾತನ್ನೂ ಕೇಳಿದ್ದ. ವಾರದ ಕೊನೆಗೆ ಲೆಕ್ಕ ಹಾಕಿದೆ. ಹದಿಮೂರು ಕೂಡ ಇಲ್ಲ, ಹನ್ನೆರಡೂವರೆ.

ನನ್ನ ಹೆಂಡತಿ ರೊಟ್ಟಿ ಬಡಿಯುತ್ತ ಕೇಳಿದಳು: "ಈಗ ಯಾರು ಪೈಪ್ ಹಾಕ್ಯಾರ್ರಿ? ನಾ ಏನು?"

ಮಾರನೆಯ ದಿನ ಮಧ್ಯಾಹ್ನ ಹುಮನಾಬಾದಿನ ಮಿಲ್ಲಿಗೆ ಹೋದೆ. ತಮ್ಮ ಹಮಾಲರ ಜೊತೆ ಗೋಡೆಯ ನೆರಳಲ್ಲಿ ಕುಳಿತು ಬುತ್ತಿ ಉಣ್ಣುತ್ತಿದ್ದ. ಹೆಗಲ ಮೇಲೆ ಅಂಗಿ ಹರಿದಿತ್ತು. ನನ್ನನ್ನು ನೋಡಿ ತುತ್ತು ನಿಲ್ಲಿಸಲಿಲ್ಲ. ನಾನು ನಿಂತೇ ಹೇಳಿದೆ. ಅವತ್ತು ನನ್ನ ಗಾಡಿಯಲ್ಲಿ ಇದ್ದದ್ದು ಹೊಟ್ಟು ಎಂದೆ. ಅವನ ಕೈ ಆಗ ನಿಂತಿತು. ಪಕ್ಕದಲ್ಲಿದ್ದ ಹಿರಿಯ ಹಮಾಲ ನನ್ನನ್ನು ಗುರುತು ಹಿಡಿದ.

"ಹೌದಲ್ಲ, ಹೊತ್ತಾವ ನಾನ. ಚಹಾ ಕುಡಿಸಿದ್ರಿ. ಹೊಟ್ಟಿನ ಗಾಡಿಗಿ ಇಷ್ಟ ಹಗ್ಗ ಯಾಕ ಬಿಗ್ಯಾಕತ್ತಾರ ಅಂತ ನಾ ಅವತ್ತ ಅಂದ್ಕೊಂಡೆ."

"ತಮ್ಮಾ, ನಾ ಯಾಕ ಹಂಗ ಮಾಡಿದೆ ಅಂದ್ರ..."

"ಅದು ಬ್ಯಾಡ," ಎಂದ. "ಯಾಕ ಅನ್ನೋದು ನಿನ್ನ ಕಡೇನ ಇರ್ಲಿ. ನೀ ಅತ್ತು ಹಗುರ ಆಗಾಕ ನನ್ನ ಕಿವಿ ಬೇಕೇನು? ನನ್ನ ಕಿವ್ಯಾಗ ಹೇಳಿದ್ರ ಏನ ಉಪಯೋಗ? ನಾ ಕದ್ದಿಲ್ಲ ಅಂತ ನನಗ ಮೊದಲ ಗೊತ್ತದ. ಒಳಗ ಸಾವ್ಕಾರ್ರ ಅದಾರ, ಎರಡು ದೊಡ್ಡ ಗಾಡಿ ಅವ, ಒಂದಕ್ಕ ಡ್ರೈವರ್ ಇಲ್ಲ. ಹೋಗಿ ಅಲ್ಲಿ ಹೇಳು."

ಸಾವ್ಕಾರರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಎಲೆ ಅಡಿಕೆ ಜಗಿಯುತ್ತ ಪೂರ್ತಿ ಕೇಳಿದರು. ಆಮೇಲೆ ನಕ್ಕರು.

"ಅಲ್ಲಪ್ಪಾ, ಕಳ್ಳ ಅಂದಾಗ ಅಣ್ಣನ ಹೇಳಾಕತ್ತಾನಲ್ಲ ಅಂತ ನಂಬಿದ್ವಿ. ಈಗ ಕಳ್ಳ ಅಲ್ಲ ಅಂತೀದಿ. ಅಣ್ಣ ಇದ್ದಾವ ಹಂಗ ಹೇಳಾವನ. ಮನಿ ಮರ್ಯಾದಿ ನೋಡು. ಅವ್ವ ಕಳಿಸ್ಯಾಳೇನು?"

ಬಾಗಿಲಲ್ಲಿ ನಿಂತಿದ್ದ ತಮ್ಮ ಅಂದ: "ಸಾವ್ಕಾರ್ರ, ಬಾಯಿ ಮಾತು ನಂಬಬ್ಯಾಡ್ರಿ. ಅಣ್ಣನ ಗಾಡಿ ಹೊರಗ ನಿಂತದ. ನಾಳಿ ಲೆಕ್ಕ ಬರಿಯೋ ನಿಮ್ಮ ಮುನೀಮರನ್ನ ಅದರಾಗ ಕೂಡಸ್ರಿ. ಒಂದು ಸರ್ತಿ ಹೊಟ್ಟು, ಒಂದು ಸರ್ತಿ ಹಿಂಡಿ. ಎರಡೂ ಕಾಟಾದಾಗ ತೂಗಿಸಿ ಚೀಟಿ ತಗೋರಿ."

"ನೀ ಓಡಸ್ತೀಯೇನು?"

"ನಾ ಕೀಲಿ ಮುಟ್ಟಂಗಿಲ್ಲ. ಮುಟ್ಟಿದ್ರ ಮತ್ತ ಪೈಪ್ ಹಾಕ್ದ ಅಂತಾರ. ಅವನ ಓಡಸ್ಲಿ, ಎರಡೂ."

ಮಾರನೆಯ ಬೆಳಗ್ಗೆ ತಮ್ಮನೇ ಹದಿನೆಂಟು ಚೀಲ ಹೊಟ್ಟನ್ನು ಒಂದೊಂದಾಗಿ ಹೊತ್ತು ನನ್ನ ಗಾಡಿಗೆ ಹಾಕಿದ. ನಾನು ಕೈ ಹಚ್ಚಲು ಹೋದರೆ, "ಆ ಕಡಿ ಸರಿ, ನಿಂದು ಎಣಸೂ ಕೆಲಸ" ಎಂದ. ಹಮಾಲರೆಲ್ಲ ನಕ್ಕರು. ತಾಡಪತ್ರಿ ಮುಚ್ಚಲು ಹೋದೆ. "ತೆರದ ಇರ್ಲಿ, ಊರು ನೋಡ್ಲಿ," ಎಂದ. ತೂಕದ ಕಾಟಾದ ಮೇಲೆ ನಿಲ್ಲಿಸಿ, ಚೀಟಿ ತೆಗೆಸಿ, ಮುನೀಮರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಗೆ ಬಿದ್ದೆ. ಹೊಟ್ಟಿನ ಧೂಳು ಹಾರಿ ಕನ್ನಡಿಯ ಮೇಲೆ ಕೂರುತ್ತಿತ್ತು. ಅವತ್ತಿನ ಹಾಗೆಯೇ ಗಾಡಿ ಏರಿನಲ್ಲಿ ಸರಾಗವಾಗಿ ಹತ್ತಿತು. ಮುನೀಮರು "ಛಲೋ ಓಡ್ತದಲ್ರಿ" ಎಂದಾಗ ನನಗೆ ಅವರ ಮುಖ ನೋಡಲಾಗಲಿಲ್ಲ. ಲೀಟರಿಗೆ ಇಪ್ಪತ್ತೊಂದು. ಮಧ್ಯಾಹ್ನ ಅದೇ ದಾರಿಯಲ್ಲಿ ಹಿಂಡಿ ಹೇರಿ ಹೋದೆ. ಮೊದಲ ಏರಿಗೇ ಮುನೀಮರು ಕಿವಿ ಮುಚ್ಚಿಕೊಂಡರು. ಹದಿಮೂರು.

ಸಾವ್ಕಾರರು ಎರಡು ಕಾಟಾ ಚೀಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ನನ್ನ ಕಡೆ ನೋಡಲಿಲ್ಲ. ಗೋಡೆಯ ಮೊಳೆಯಿಂದ ಒಂದು ಕೀಲಿ ತೆಗೆದು ತಮ್ಮನ ಕೈಗೆ ಕೊಟ್ಟರು. "ಹದಿನೈದುನೂರು ಸಿಸಿ ಅದ ಇದು. ಎಷ್ಟ ಹೇರಿದ್ರ ಎಷ್ಟ ಕುಡೀತದ, ನೀ ಹೇಳಿದ್ದ ಲೆಕ್ಕ."

ಅಂಗಳಕ್ಕೆ ಬಂದಾಗ ಇಬ್ಬರೇ ಇದ್ದೆವು. ಮನೆಗೆ ಬಾ, ಅವ್ವ ಕಾಯುತ್ತಾಳೆ ಎಂದೆ.

"ಎಣ್ಣಿದು ಆಯ್ತು. ವಿಭೂತಿದು ಹಂಗ ಅದ," ಎಂದ. "ನಾ ಮುಟ್ಟಿ ಹೇಳಿದ್ದಕ್ಕ ಸುಳ್ಳ ಅಂದಿ. ಅದನ್ನ ಕಾಟಾದಾಗ ತೂಗಾಕ ಬರ್ತದೇನು?" ಹೊಸ ಗಾಡಿಯ ಬಾನೆಟ್ ಎತ್ತಿ ಒಳಗೆ ಬಗ್ಗಿದ. ಮತ್ತೆ ತಲೆ ಹೊರಗೆ ತರಲಿಲ್ಲ. ನಾನು ಗಾಡಿ ಹತ್ತಿ ಕಲ್ಯಾಣಕ್ಕೆ ಬಂದೆ.

ಕಾಕಾ ಅಂಗಡಿಗೆ ಬರುವುದನ್ನು ಎರಡು ದಿನ ಕಾದೆ. ಬಂದು ಕೂತ ಕೂಡಲೇ ಮಾಡದಿಂದ ವಿಭೂತಿ ಗಟ್ಟಿ ತೆಗೆದುಕೊಂಡು ಅವನ ಮುಂದೆ, ಅವ್ವನ ಮುಂದೆ ನಿಂತು ಹೇಳಿದೆ. ಹದಿನೆಂಟು ಚೀಲ ಹೊಟ್ಟು, ತಾಡಪತ್ರಿ, ಹಗ್ಗ, ಎಲ್ಲ. ಅವನು ಮುಟ್ಟಿ ಹೇಳಿದ್ದು ಖರೇ, ಸುಳ್ಳು ನಂದು ಎಂದೆ.

ಕಾಕಾ ಈ ಸಲ ನಗಲಿಲ್ಲ. ಎದ್ದು ಪಂಚೆ ಕೊಡವಿದ.

"ಛೀ. ನಿಮ್ಮಪ್ಪ ಇದ್ದಿದ್ರ ನಿನ್ನ ಎಮ್ಮಿ ಗೂಟಕ್ಕ ಕಟ್ತಿದ್ದ. ನಿನ್ನ ಮಾತು ಕೇಳಿ ಆ ಹುಡ್ಗಗ ಕಳ್ಳ ಅಂತ ನಾಲ್ಕೂರಾಗ ನಾನ ಹೇಳಿನಿ. ಈಗ ಆ ನಾಲ್ಕೂರಾಗ ನಿಂದು ಹೇಳ್ತೀನಿ."

"ಹೇಳು ಕಾಕಾ," ಎಂದೆ.

ಹೇಳಿದ. ಈಗ ಏರಿನ ಮೇಲೆ ನನ್ನ ಗಾಡಿ ಕಂಡರೆ ಕಟ್ಟೆಯ ಮೇಲಿನವರು "ಹೊಟ್ಟ ಅದೇನ್ರೀ ಇವತ್ತ?" ಎಂದು ಕೂಗುತ್ತಾರೆ. ನಾನು ಹತ್ತೇ ಚೀಲ ಹಿಂಡಿ ಹೇರುತ್ತೇನೆ, ದಿನಕ್ಕೆ ಎರಡು ಸಲ ಹೋಗುತ್ತೇನೆ. ಹತ್ತು ಚೀಲಕ್ಕೆ ಈ ಎಂಜಿನ್ನು ಚೆನ್ನಾಗಿಯೇ ಎಳೆಯುತ್ತದೆ, ಲೀಟರಿಗೆ ಹದಿನೆಂಟು ಕೊಡುತ್ತದೆ. ಅವನು ಗಾಡಿಯ ಕೆಳಗಿಂದ ಎದ್ದು ಬಂದ ಆ ಭಾನುವಾರ ಹೇಳಿದ್ದೂ ಹತ್ತೇ.

ತಮ್ಮನ ದೊಡ್ಡ ಗಾಡಿ ಹೆದ್ದಾರಿಯಲ್ಲಿ ವಾರಕ್ಕೆ ಎರಡು ಸಲವಾದರೂ ಎದುರಾಗುತ್ತದೆ. ನಾನು ಹಾರ್ನ್ ಹೊಡೆಯುತ್ತೇನೆ. ಅವನು ಹೊಡೆಯುವುದಿಲ್ಲ. ಹೋದ ವಾರ ಅವನು ಮೊದಲ ಸಲ ಕಲ್ಯಾಣದ ಅಂಗಡಿಗೆ ಬಂದು ಹೋದನಂತೆ, ನಾನು ಹುಮನಾಬಾದಿಗೆ ಹೋಗಿದ್ದ ಹೊತ್ತು ನೋಡಿಕೊಂಡು. ಅವ್ವನ ಹತ್ತಿರ ಕುಳಿತು ಎರಡು ರೊಟ್ಟಿ ತಿಂದನಂತೆ. ಹೋಗುವಾಗ ಮಾಡದ ಮುಂದೆ ನಿಂತು ವಿಭೂತಿ ಹಚ್ಚಿಕೊಂಡನಂತೆ.

"ನನ್ನ ಬಗ್ಗೆ ಏನಾದ್ರೂ ಕೇಳಿದ್ನೇನವ್ವಾ?" ಎಂದೆ.

"ಕೇಳಿದ," ಎಂದಳು ಅವ್ವ, ಹೆಂಟೆಯಿಂದ ಕಣ್ಣು ತೆಗೆಯದೆ. "ಗಾಡಿಗಿ ಎಷ್ಟ ಚೀಲ ಹೇರ್ತಾನ ಅಂತ ಕೇಳಿದ. ಹತ್ತು ಅಂದೆ. ಸುಮ್ಮ ಹೋದ."